ಹಳೇ ಸ್ಪ್ಯಾನಿಷ್ ಚರ್ಚ್ ಪುಸ್ತಕಗಳು: ಪಾದ್ರಿ ಯಾಕೆ ಹಾಗೆ ಬರೆದರು?

(ಸ್ಪ್ಯಾನಿಷ್ ಕಲಿಯುವವರು, ಅನುವಾದದ ಕೆಲಸ ಮಾಡುವವರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಜಾಗಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೀಠಿಕೆ ಬೇಡ, ಒಂದು ದಾಖಲೆಯಿಂದಲೇ ಶುರು ಮಾಡೋಣ. 1780ರ ಆಸುಪಾಸಿನಲ್ಲಿ ಮೆಕ್ಸಿಕೋದ ಯಾವುದೋ ಊರಿನ ಚರ್ಚಿನಲ್ಲಿ ಒಂದು ಮಗುವಿಗೆ ದೀಕ್ಷಾಸ್ನಾನ ಆಯಿತು ಅಂತಿಟ್ಟುಕೊಳ್ಳಿ. ಪಾದ್ರಿ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಹೆಚ್ಚುಕಡಿಮೆ ಹೀಗೆ. ಹೆಸರುಗಳು ನಾನು ಹಾಕಿದ್ದು, ಧಾಟಿ ಅವರದೇ:

"ಈ ಊರಿನ ಚರ್ಚಿನಲ್ಲಿ, ಮೇ 12ರಂದು, ಪಾದ್ರಿಯಾದ ನಾನು, ಹುಟ್ಟಿ ಮೂರು ದಿನವಾದ ಗಂಡು ಮಗುವಿಗೆ ವಿಧಿಪೂರ್ವಕವಾಗಿ ದೀಕ್ಷಾಸ್ನಾನ ಮಾಡಿಸಿ, ಪವಿತ್ರ ತೈಲ ಹಚ್ಚಿ, ಹೋಸೆ ಮಾರಿಯಾ ಎಂದು ಹೆಸರಿಟ್ಟೆ. ಇವನು ಈ ಊರಿನ ವೆಸಿನೋಗಳೂ ಎಸ್ಪಾನ್ಯೋಲರೂ ಆದ ಹುವಾನ್ ಮತ್ತು ಮಾರಿಯಾ ಇವರ ಇಹೋ ಲೆಹಿತಿಮೋ. ಪದ್ರಿನೋಗಳು ಇಂಥವರು. ಅವರ ಕರ್ತವ್ಯವನ್ನೂ ಆಧ್ಯಾತ್ಮಿಕ ನೆಂಟಸ್ತಿಕೆಯನ್ನೂ ಅವರಿಗೆ ತಿಳಿಹೇಳಿದೆ. ದಾಖಲೆಗಾಗಿ ಸಹಿ ಮಾಡಿದ್ದೇನೆ."

ಆರೇಳು ಸಾಲು ಅಷ್ಟೇ. ಒಂದು ವರ್ಷ ಸ್ಪ್ಯಾನಿಷ್ ಓದಿದವರಿಗೆ ಇದರ ವ್ಯಾಕರಣ ಕಷ್ಟವಲ್ಲ. ನಿಘಂಟು ಪಕ್ಕದಲ್ಲಿದ್ದರೆ ಸಾಕು ಅನ್ನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ನಿಘಂಟಿನಲ್ಲಿ ವೆಸಿನೋ ಅಂದರೆ ಅಕ್ಕಪಕ್ಕದ ಮನೆಯವನು. ಎಸ್ಪಾನ್ಯೋಲ್ ಅಂದರೆ ಸ್ಪೇನ್ ದೇಶದವನು. ಇದನ್ನೇ ನಂಬಿ ಹೊರಟರೆ, ಸ್ಪೇನಿನಿಂದ ಹಡಗು ಹತ್ತಿ ಬಂದು ಚರ್ಚಿನ ಪಕ್ಕ ಮನೆ ಮಾಡಿದ ಒಬ್ಬ ಹುವಾನನನ್ನು ನೀವೇ ಹುಟ್ಟಿಸಿಬಿಡುತ್ತೀರಿ. ನಿಜವಾದ ಹುವಾನ್ ನಾಲ್ಕೈದು ತಲೆಮಾರಿನಿಂದ ಅದೇ ಸೀಮೆಯಲ್ಲಿ ಮೆಕ್ಕೆಜೋಳ ಬೆಳೆದುಕೊಂಡು ಇದ್ದವನಿರಬಹುದು.

ಈ ಪುಸ್ತಕಗಳನ್ನು ಪಾದ್ರಿಗಳು ವಂಶವೃಕ್ಷ ಹುಡುಕುವ ನಮಗಾಗಿ ಬರೆಯಲಿಲ್ಲ. ಅವರಿಗೆ ಅವರದೇ ಪ್ರಶ್ನೆಗಳಿದ್ದವು. ಈ ಮಗು ದೊಡ್ಡದಾದ ಮೇಲೆ ಯಾರನ್ನು ಮದುವೆಯಾಗುವ ಹಾಗಿಲ್ಲ? ಇದು ಪಾದ್ರಿಯಾಗಲು ಅಡ್ಡಿ ಏನಾದರೂ ಇದೆಯೇ? ಇದರ ಮನೆಯವರಿಂದ ಎಷ್ಟು ಶುಲ್ಕ ತೆಗೆದುಕೊಳ್ಳಬೇಕು? ಒಂದೊಂದು ಪದವೂ ಇಂಥ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ. ಆ ಪ್ರಶ್ನೆ ಯಾವುದು ಅಂತ ಹಿಡಿದರೆ ಅರ್ಥ ಸಿಗುತ್ತದೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಈ ಪುಸ್ತಕಗಳು ಎಲ್ಲಿಂದ ಬಂದವು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಕಥೋಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ಮುಗಿಯಿತು. ಪ್ರತಿ ಪಾದ್ರಿಯೂ ದೀಕ್ಷಾಸ್ನಾನ ಮತ್ತು ಮದುವೆಗಳ ಪುಸ್ತಕ ಇಡಬೇಕು ಎಂದು ಆ ಸಭೆ ವಿಧಿಸಿತು. 1585ರಲ್ಲಿ ಮೆಕ್ಸಿಕೋದಲ್ಲಿ ನಡೆದ ಚರ್ಚ್ ಸಭೆ ಅದನ್ನು ಅಲ್ಲಿಗೆ ಗಟ್ಟಿ ಮಾಡಿತು. ಗುಟ್ಟಿನ ಮದುವೆ, ಎರಡನೇ ಮದುವೆ, ಹತ್ತಿರದ ನೆಂಟರ ಮದುವೆ ತಡೆಯುವುದು ಮುಖ್ಯ ಉದ್ದೇಶ. ಅದಕ್ಕೇ ಈ ಪುಸ್ತಕಗಳಲ್ಲಿ ಮದುವೆಯ ಚಿಂತೆ ಜಾಸ್ತಿ. ದೀಕ್ಷಾಸ್ನಾನದ ಪುಟದಲ್ಲೂ ಅದೇ ಚಿಂತೆ.

ಪದ್ರಿನೋಗಳನ್ನೇ ನೋಡಿ. ಮಗುವನ್ನು ಎತ್ತಿಕೊಂಡು ನಿಲ್ಲುವ ಧರ್ಮ ತಂದೆತಾಯಿ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಇದು ಗೊತ್ತಿರುವ ಸಂಗತಿ. ಪಾದ್ರಿ ಅವರ ಹೆಸರು ಬರೆಯುವುದು ಗೌರವಕ್ಕಲ್ಲ. ಆ ಕ್ಷಣದಿಂದ ಅವರಿಗೂ ಮಗುವಿಗೂ, ಅವರಿಗೂ ಮಗುವಿನ ಹೆತ್ತವರಿಗೂ ನಡುವೆ ಒಂದು ನೆಂಟಸ್ತಿಕೆ ಹುಟ್ಟುತ್ತಿತ್ತು. ಆ ನೆಂಟಸ್ತಿಕೆ ಮದುವೆಗೆ ಅಡ್ಡಿ. ಹೆಂಡತಿ ಸತ್ತರೆ ಗಂಡ ತನ್ನ ಮಗುವಿನ ಧರ್ಮ ತಾಯಿಯನ್ನು ಸುಮ್ನೆ ಹೋಗಿ ಮದುವೆಯಾಗುವಂತಿರಲಿಲ್ಲ. "ತಿಳಿಹೇಳಿದೆ" ಎಂಬ ಸಾಲು ಪ್ರತಿ ಪುಟದಲ್ಲೂ ಬರುವುದು ಇದಕ್ಕೇ. ನಾಳೆ ಯಾರೂ ಗೊತ್ತಿರಲಿಲ್ಲ ಅನ್ನಬಾರದು.

ವಂಶ ಹುಡುಕುವವರಿಗೆ ಇದರಿಂದ ಬೇರೆಯದೇ ಲಾಭ ಇದೆ. ಪದ್ರಿನೋ ಬಹಳ ಸಲ ಚಿಕ್ಕಪ್ಪ, ಅಜ್ಜಿ, ಸೋದರತ್ತೆ. ಒಂದೇ ದಂಪತಿಯ ಎಲ್ಲ ಮಕ್ಕಳ ಪದ್ರಿನೋಗಳನ್ನು ಸಾಲಾಗಿ ಬರೆದಿಟ್ಟು ನೋಡಿ. ಕಳೆದುಹೋದ ತವರುಮನೆ ಅಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಇಹೋ ಲೆಹಿತಿಮೋ. ಚರ್ಚಿನಲ್ಲಿ ಮದುವೆಯಾದವರ ಮಗು. ಇದಕ್ಕೆ ಎದುರಾಗಿ ಬರುವುದು ಇಹೋ ನಾತುರಾಲ್. ಇದನ್ನು "ಸಹಜ ಮಗ", "ಸ್ವಂತ ಮಗ" ಎಂದೆಲ್ಲ ಅನುವಾದ ಮಾಡಿದ್ದನ್ನು ನೋಡಿದ್ದೇನೆ. ಅದು ಅದಲ್ಲ. ಮದುವೆಯಾಗದ, ಆದರೆ ಬೇಕೆಂದರೆ ಮದುವೆಯಾಗಬಹುದಾಗಿದ್ದ ಇಬ್ಬರ ಮಗು ಅದು. "ಬೇಕೆಂದರೆ ಆಗಬಹುದಾಗಿದ್ದ" ಎಂಬುದು ಮುಖ್ಯ, ಏಕೆಂದರೆ ಅವರು ಆಮೇಲೆ ಮದುವೆಯಾದರೆ ಮಗು ಸಕ್ರಮವಾಗುತ್ತಿತ್ತು. ಹಾಗಾದಾಗ ಪುಟದ ಅಂಚಿನಲ್ಲಿ ಹತ್ತು ವರ್ಷದ ನಂತರ ಬೇರೆ ಶಾಯಿಯಲ್ಲಿ ಒಂದು ಟಿಪ್ಪಣಿ ಬಿದ್ದಿರುವುದೂ ಉಂಟು. ಅಂಚು ಓದದೆ ಪುಟ ತಿರುಗಿಸಬೇಡಿ. ತಂದೆತಾಯಿಯಲ್ಲಿ ಒಬ್ಬರಿಗೆ ಆಗಲೇ ಮದುವೆಯಾಗಿದ್ದರೆ ಅಥವಾ ಅಪ್ಪ ಪಾದ್ರಿಯೇ ಆಗಿದ್ದರೆ ಬೇರೆ ಪದಗಳಿದ್ದವು. ಅವು ಇನ್ನೂ ಕಟುವಾಗಿದ್ದವು. ಕಾನೂನು ಪುಸ್ತಕದಲ್ಲಿ ಸಿಗುವಷ್ಟು ಚರ್ಚ್ ಪುಸ್ತಕದಲ್ಲಿ ಅವು ಸಿಗುವುದಿಲ್ಲ. ಪಾದ್ರಿಗಳು ಸುಮ್ಮನೆ "ತಂದೆ ಯಾರೆಂದು ತಿಳಿಯದು" ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇಡೀ ಊರಿಗೆ ಗೊತ್ತಿದ್ದರೂ ಪಾದ್ರಿಗೆ ಗೊತ್ತಿರಲಿಲ್ಲ!

ಎಕ್ಸ್‌ಪೋಸಿತೋ ಎಂದರೆ ಯಾರದೋ ಬಾಗಿಲಲ್ಲಿ ಬಿಟ್ಟುಹೋದ ಮಗು. ಇಹೋ ದೆ ಲಾ ಇಗ್ಲೇಸಿಯಾ, ಅಂದರೆ ಚರ್ಚಿನ ಮಗ, ಅಂತಲೂ ಬರೆಯುತ್ತಿದ್ದರು. ಇಂಥ ದಾಖಲೆಯಲ್ಲಿ ಯಾರ ಮನೆ ಬಾಗಿಲು ಎಂದು ಬರೆದಿರುತ್ತದೆ. ಅದನ್ನು ಜೋಪಾನವಾಗಿ ನೋಡಿ. ಮರ್ಯಾದಸ್ಥ ಮನೆಯ ಹುಡುಗಿ ಗುಟ್ಟಾಗಿ ಹೆತ್ತ ಮಗುವನ್ನು ಅದೇ ಮನೆಯ ಅಥವಾ ನೆಂಟರ ಮನೆಯ ಬಾಗಿಲಲ್ಲಿ "ಸಿಕ್ಕಿದ" ಮಗು ಮಾಡಿ ಸಾಕಿಕೊಂಡ ಉದಾಹರಣೆಗಳಿವೆ. ಎಲ್ಲ ಎಕ್ಸ್‌ಪೋಸಿತೋಗಳೂ ಹಾಗಲ್ಲ. ಬಡತನಕ್ಕೆ ಬಿಟ್ಟುಹೋದವೇ ಎಷ್ಟೋ. 1794ರಲ್ಲಿ ಸ್ಪೇನಿನ ರಾಜ ನಾಲ್ಕನೇ ಕಾರ್ಲೋಸ್ ಇಂಥ ಮಕ್ಕಳನ್ನೆಲ್ಲ ನಾಗರಿಕ ವ್ಯವಹಾರಕ್ಕೆ ಸಕ್ರಮರೆಂದೇ ಎಣಿಸಬೇಕು ಎಂದು ಆಜ್ಞೆ ಹೊರಡಿಸಿದ. ಆ ಆಜ್ಞೆಯ ನಂತರ ಎಕ್ಸ್‌ಪೋಸಿತೋ ಎಂಬ ಹಣೆಪಟ್ಟಿ ಕೆಲವರಿಗೆ ಅನುಕೂಲವೂ ಆಯಿತು.

ವೆಸಿನೋ ವಿಷಯ ಅರ್ಧಕ್ಕೆ ಬಿಟ್ಟೆ. ವೆಸಿನೋ ಅಂದರೆ ಊರಿನಲ್ಲಿ ನೆಲೆ ನಿಂತು, ಮನೆ ಹೂಡಿ, ಊರಿನ ಹಕ್ಕುಬಾಧ್ಯತೆಗಳಲ್ಲಿ ಪಾಲಿರುವವನು. ನಾತುರಾಲ್ ದೆ ಇಂಥ ಊರು ಅಂದರೆ ಅಲ್ಲಿ ಹುಟ್ಟಿದವನು. "ಅ ಊರಿನ ನಾತುರಾಲ್, ಬ ಊರಿನ ವೆಸಿನೋ" ಎಂದಿದ್ದರೆ ಅಲ್ಲಿ ಹುಟ್ಟಿ ಇಲ್ಲಿ ನೆಲೆಸಿದವ. ವಂಶ ಹುಡುಕುವವರಿಗೆ ಇದಕ್ಕಿಂತ ಬೆಲೆಬಾಳುವ ಸಾಲು ಇಲ್ಲ, ಮುಂದೆ ಯಾವ ಊರಿನ ಪುಸ್ತಕ ತೆರೆಯಬೇಕು ಅಂತ ಅದೇ ಹೇಳುತ್ತದೆ. ಜನಗಣತಿಯ ಪಟ್ಟಿಗಳಿಗೆ ಪದ್ರೋನ್ ಅನ್ನುತ್ತಾರೆ. ಅಲ್ಲಿ "300 ವೆಸಿನೋ" ಎಂದಿದ್ದರೆ 300 ಜನ ಅಲ್ಲ, 300 ಒಲೆ. ಜನರನ್ನೇ ಎಣಿಸಿದಾಗ ಆಲ್ಮಾಸ್, ಅಂದರೆ ಆತ್ಮಗಳು, ಅನ್ನುತ್ತಿದ್ದರು.

ಇನ್ನು ಎಸ್ಪಾನ್ಯೋಲ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮೆಕ್ಸಿಕೋದ ಹಳೇ ಪುಸ್ತಕಗಳಲ್ಲಿ ಪ್ರತಿಯೊಬ್ಬರ ಹೆಸರಿನ ಜೊತೆ ಕಲಿದಾದ್, ಅಂದರೆ ಯಾವ ಜನಗುಂಪಿನವರು ಎಂಬುದನ್ನು ಬರೆಯುತ್ತಿದ್ದರು. ಎಸ್ಪಾನ್ಯೋಲ್, ಇಂದಿಯೋ (ಅಲ್ಲಿನ ಮೂಲನಿವಾಸಿ), ಮೆಸ್ತೀಸೋ, ಕಸ್ತೀಸೋ, ಮುಲಾತೋ (ಬಿಳಿಯರು ಮತ್ತು ಕಪ್ಪು ಜನರ ಬೆರಕೆ), ಕೊಯೋತೆ, ಲೋಬೋ. ಎಸ್ಪಾನ್ಯೋಲ್ ಮತ್ತು ಇಂದಿಯೋ ದಂಪತಿಯ ಮಗು ಮೆಸ್ತೀಸೋ. ಮೆಸ್ತೀಸೋ ಮತ್ತೆ ಎಸ್ಪಾನ್ಯೋಲ್ ಜೊತೆ ಸೇರಿದರೆ ಕಸ್ತೀಸೋ. ಕಸ್ತೀಸೋ ಮತ್ತು ಎಸ್ಪಾನ್ಯೋಲ್ ಸೇರಿದರೆ ಮತ್ತೆ ಎಸ್ಪಾನ್ಯೋಲ್! ಹಾಗಾಗಿ ಎಸ್ಪಾನ್ಯೋಲ್ ಎಂಬುದು ಹುಟ್ಟಿದ ದೇಶ ಅಲ್ಲ, ಸಮಾಜದಲ್ಲಿನ ಜಾಗ. ಕೊಯೋತೆ ಮತ್ತು ಲೋಬೋ ಎಂದರೆ ಗುಳ್ಳೆನರಿಯಂಥ ಪ್ರಾಣಿ ಮತ್ತು ತೋಳ. ಯಾರಿಗೆ ಅವನ್ನು ಅಂಟಿಸುತ್ತಿದ್ದರು ಎಂಬುದು ಸೀಮೆಯಿಂದ ಸೀಮೆಗೆ ಬೇರೆ.

ಇವುಗಳಲ್ಲಿ ಬೆರಕೆಯ ಗುಂಪುಗಳನ್ನೆಲ್ಲ ಒಟ್ಟಾಗಿ ಕಾಸ್ತಾ ಅನ್ನುತ್ತಿದ್ದರು. ಇದೇ ಪದವನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯಲ್ಲಿ ಜಾತಿಗೆ ಬಳಸಿದರು, ಅದೇ ಇಂಗ್ಲಿಷಿಗೆ ಹೋಗಿ ಕ್ಯಾಸ್ಟ್ ಆಯಿತು. ಹಾಗಾಗಿ ನಮ್ಮವರು ಇದನ್ನು ಓದುವಾಗ ತಲೆಯಲ್ಲಿ ನಮ್ಮ ಜಾತಿಯ ಚಿತ್ರ ಬಂದುಬಿಡುತ್ತದೆ. ಅದನ್ನು ಪಕ್ಕಕ್ಕಿಡಿ. ನಮ್ಮಲ್ಲಿ ಜಾತಿ ಒಳಗೇ ಮದುವೆ. ಅಲ್ಲಿ ಬೆರಕೆಯಿಂದಲೇ ಕಾಸ್ತಾ ಹುಟ್ಟುವುದು. ಮೇಲಾಗಿ ಒಬ್ಬನೇ ಮನುಷ್ಯನ ಕಲಿದಾದ್ ಅವನ ಜೀವಮಾನದಲ್ಲೇ ಬದಲಾಗುತ್ತಿತ್ತು.

ಇದಕ್ಕೆ ಒಂದು ಒಳ್ಳೇ ಉದಾಹರಣೆ ಲಾಸ್ ಏಂಜಲಿಸ್. ಈಗ ಅಮೆರಿಕದಲ್ಲಿರುವ ಆ ಮಹಾನಗರ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. 1781ರಲ್ಲಿ 11 ಕುಟುಂಬಗಳ 44 ಜನ ಅಲ್ಲಿ ನೆಲೆಸಿದರು. ಅವರ ಪದ್ರೋನ್ ಉಳಿದಿದೆ. ಅದರಲ್ಲಿ ಹೋಸೆ ವನೇಗಾಸ್ ಎಂಬಾತ ಇಂದಿಯೋ. ಮುಂದೆ ಅವನು ಊರಿನ ಮೊದಲ ಅಲ್ಕಾಲ್ದೆ, ಅಂದರೆ ಊರ ಯಜಮಾನ, ಆದ. 1790ರ ಗಣತಿಯಲ್ಲಿ ಅದೇ ಮನುಷ್ಯ ಮೆಸ್ತೀಸೋ. ನವಾರೋ ಎಂಬಾತ 1781ರಲ್ಲಿ ಮೆಸ್ತೀಸೋ, 1790ರಲ್ಲಿ ಎಸ್ಪಾನ್ಯೋಲ್. ಒಂಬತ್ತು ವರ್ಷದಲ್ಲಿ ಅವರ ಅಪ್ಪ ಅಮ್ಮ ಬದಲಾಗಲಿಲ್ಲ. ಅವರ ಸ್ಥಾನಮಾನ ಬದಲಾಯಿತು. ಬರೆಯುವವನ ಕಣ್ಣೂ ಬದಲಾಯಿತು.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. ಇಂದಿಯೋಗಳು ರಾಜನಿಗೆ ತಲೆಗಂದಾಯ ಕೊಡಬೇಕಿತ್ತು. ದಾಸ್ಯದಲ್ಲಿಲ್ಲದ ಕಪ್ಪು ಜನರೂ ಮುಲಾತೋಗಳೂ ಕಾನೂನಿನ ಪ್ರಕಾರ ಕೊಡಬೇಕಿತ್ತು. ಮೆಸ್ತೀಸೋ, ಎಸ್ಪಾನ್ಯೋಲರಿಗೆ ಅದಿಲ್ಲ. ಮೆಸ್ತೀಸೋ ಎಂದು ಬರೆಸಿಕೊಳ್ಳಲು ಜನ ಯಾಕೆ ಒದ್ದಾಡುತ್ತಿದ್ದರು ಗೊತ್ತಾಯಿತಲ್ಲ. ಇನ್ನೊಂದು ಕಡೆ, ಚರ್ಚಿನ ಶುಲ್ಕದ ಪಟ್ಟಿಯಲ್ಲಿ ಇಂದಿಯೋಗಳಿಗೆ ದರ ಕಡಿಮೆ. ಧರ್ಮದ್ರೋಹದ ವಿಚಾರಣೆ ಮಾಡುವ ಚರ್ಚ್ ನ್ಯಾಯಪೀಠ, ಅದೇ ಇಂಕ್ವಿಸಿಷನ್, ಅವರನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಇಂದಿಯೋ ಎನಿಸಿಕೊಳ್ಳುವುದೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತಿತ್ತು.

18ನೇ ಶತಮಾನದ ಮೆಕ್ಸಿಕೋದಲ್ಲಿ ಕಾಸ್ತಾಗಳ ಚಿತ್ರಮಾಲೆ ಬರೆಯುವ ಫ್ಯಾಷನ್ ಇತ್ತು. ಅಪ್ಪ, ಅಮ್ಮ, ಮಗು, ಕೆಳಗೆ ಹೆಸರು. ಸಾಮಾನ್ಯವಾಗಿ 16 ಚಿತ್ರ. ಕೊನೆಕೊನೆಯ ಹೆಸರುಗಳು ತಮಾಷೆಯಾಗಿವೆ: "ಗಾಳಿಯಲ್ಲಿ ತೇಲು", "ನೀನು ನನಗೆ ಅರ್ಥವಾಗುವುದಿಲ್ಲ". ಇಂಟರ್ನೆಟ್ಟಿನಲ್ಲಿ ಸಿಗುವ ಕಾಸ್ತಾ ಪಟ್ಟಿಗಳು ಬಹುಪಾಲು ಈ ಚಿತ್ರಗಳಿಂದ ಎತ್ತಿದ್ದು. ಚರ್ಚ್ ಪುಸ್ತಕದಲ್ಲಿ ಇವನ್ನು ಹುಡುಕಬೇಡಿ. ಪಾದ್ರಿಗಳಿಗೆ ಐದಾರು ಪದ ಸಾಕಾಗುತ್ತಿತ್ತು. ಆದರೆ ಆ ಐದಾರು ಪದಕ್ಕೆ ತಕ್ಕಂತೆ ಪುಸ್ತಕಗಳೇ ಬೇರೆ ಬೇರೆ ಇರುತ್ತಿದ್ದವು: ಎಸ್ಪಾನ್ಯೋಲರದ್ದೊಂದು, ಇಂದಿಯೋಗಳದ್ದೊಂದು, ಕಾಸ್ತಾಗಳದ್ದೊಂದು. ಅಕ್ಕ ಒಂದು ಪುಸ್ತಕದಲ್ಲಿ, ತಮ್ಮ ಇನ್ನೊಂದರಲ್ಲಿ ಸಿಗುವುದು ತೀರಾ ಸಾಮಾನ್ಯ. ಒಂದರಲ್ಲಿ ಸಿಗಲಿಲ್ಲ ಎಂದು ಕೈಬಿಡಬೇಡಿ.

1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಯಿತು. 1822ರ ಸೆಪ್ಟೆಂಬರಿನಲ್ಲಿ, ದಾಖಲೆಗಳಲ್ಲಿ ಕಲಿದಾದ್ ಬರೆಯಬಾರದು ಎಂಬ ಆದೇಶ ಬಂತು. ಅಲ್ಲಿಂದ ಮುಂದೆ ಆ ಪದಗಳು ಮೆಲ್ಲಗೆ ಮಾಯವಾಗುತ್ತವೆ. ಕೆಲವು ಹಳ್ಳಿಗಳಲ್ಲಿ ಪಾದ್ರಿಯ ಕೈಗೆ ಅಭ್ಯಾಸ ತಪ್ಪಲು ಇನ್ನಷ್ಟು ವರ್ಷ ಹಿಡಿಯಿತು.

ಒಂದು ಕಲಿದಾದನ್ನು ಬೇಕೆಂದೇ ಉಳಿಸಿಕೊಂಡಿದ್ದೆ: ಚೀನೋ. ನಿಘಂಟಿನ ಪ್ರಕಾರ ಚೀನಾದವನು. ಆದರೆ 1565ರಿಂದ 1815ರವರೆಗೆ ಫಿಲಿಪೀನ್ಸಿನಿಂದ, ಹೆಚ್ಚಾಗಿ ಅಲ್ಲಿನ ಮನಿಲಾದಿಂದ, ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೆ ಸ್ಪೇನಿನ ದೊಡ್ಡ ಹಡಗುಗಳು ಓಡಾಡುತ್ತಿದ್ದವು. ಆ ಹಡಗಿನಲ್ಲಿ ಏಷ್ಯಾದ ಯಾವ ಮೂಲೆಯಿಂದ ಬಂದಿಳಿದರೂ ಅವನು ಚೀನೋ. ಫಿಲಿಪೀನ್ಸಿನವನೂ ಚೀನೋ, ಜಪಾನಿನವನೂ ಚೀನೋ, ನಮ್ಮವನೂ ಚೀನೋ! ಪೋರ್ಚುಗೀಸ್ ವ್ಯಾಪಾರಿಗಳು ಗೋವಾ, ಮಲಬಾರ್, ಬಂಗಾಳದ ಕಡೆಯಿಂದ ಜನರನ್ನು ಗುಲಾಮರಾಗಿ ಮನಿಲಾಕ್ಕೆ ಒಯ್ದು ಮಾರುತ್ತಿದ್ದರು. ಅವರಲ್ಲಿ ಕೆಲವರು ಮೆಕ್ಸಿಕೋ ತಲುಪಿದರು.

ಅವರಲ್ಲಿ ಹೆಸರುವಾಸಿಯಾದವಳು ಕತರೀನಾ ದೆ ಸಾನ್ ಹುವಾನ್. ಭಾರತದ ಹುಡುಗಿ. ಕಡಲ್ಗಳ್ಳರ ಕೈಗೆ ಸಿಕ್ಕಿ, ಕೊಚ್ಚಿಯಲ್ಲಿ ದೀಕ್ಷಾಸ್ನಾನವಾಗಿ, ಮನಿಲಾದಲ್ಲಿ ಮಾರಾಟವಾಗಿ, 1620ರ ಆಸುಪಾಸಿನಲ್ಲಿ ಮೆಕ್ಸಿಕೋದ ಪುಯೆಬ್ಲಾ ನಗರಕ್ಕೆ ಬಂದಳು. 1688ರಲ್ಲಿ ಸಾಯುವ ಹೊತ್ತಿಗೆ ಊರಿನ ಜನ ಅವಳನ್ನು ಸಂತಳೆಂದೇ ನಂಬಿದ್ದರು. ಒಬ್ಬ ಜೆಸ್ಯೂಟ್ ಪಾದ್ರಿ ಮೂರು ಸಂಪುಟದ ಜೀವನಚರಿತ್ರೆ ಬರೆದರು. ಇಂಕ್ವಿಸಿಷನ್ ಅದನ್ನು ನಿಷೇಧಿಸಿತು. ಅವಳನ್ನು ಕರೆಯುತ್ತಿದ್ದದ್ದು ಚೀನಾ ಎಂದು, ಅಂದರೆ ಚೀನೋದ ಸ್ತ್ರೀಲಿಂಗ. ಅವಳಿಗೂ ಚೀನಾ ದೇಶಕ್ಕೂ ಸಂಬಂಧವೇ ಇಲ್ಲ. 1672ರಲ್ಲಿ ಸ್ಪೇನ್ ರಾಜಸತ್ತೆ ಚೀನೋ ಗುಲಾಮರನ್ನು ಬಿಡುಗಡೆ ಮಾಡಬೇಕೆಂದಿತು. 17ನೇ ಶತಮಾನದ ಪುಸ್ತಕದಲ್ಲಿ ಚೀನೋ ಕಂಡರೆ, ಮುಂದಿನ ಎರಡು ಪದ ಓದುವ ತನಕ ಯಾವ ದೇಶ ಎಂದು ತೀರ್ಮಾನ ಮಾಡಬೇಡಿ. ಕೆಲವು ಸಲ ಎಲ್ಲಿಯವನು ಎಂದು ಪಾದ್ರಿಯೇ ಸೇರಿಸಿರುತ್ತಾರೆ. ಹಾಗೆಯೇ, ತುಂಬಾ ಕಡೆ ಅದೇ ಪದಕ್ಕೆ ಬೇರೊಂದು ಬೆರಕೆಯ ಅರ್ಥವೂ ಇತ್ತು, ಏಷ್ಯಾದ ಸೋಂಕೇ ಇಲ್ಲದ್ದು.

ಸರಿ, ಮದುವೆಗೆ ಬರೋಣ. ಒಂದೇ ಒಂದು ಬಗೆಯ ದಾಖಲೆ ಆರಿಸಿಕೋ ಅಂದರೆ ನಾನು ದಿಸ್ಪೆನ್ಸಾ ಆರಿಸಿಕೊಳ್ಳುತ್ತೇನೆ. ನೆಂಟರ ನಡುವೆ ಮದುವೆಗೆ ಕೇಳುವ ವಿನಾಯಿತಿ ಅದು.

ಆಗಿನ ಕಥೋಲಿಕ್ ನಿಯಮದಲ್ಲಿ, 1215ರಿಂದಲೂ, ನಾಲ್ಕನೇ ದರ್ಜೆಯವರೆಗೆ ರಕ್ತಸಂಬಂಧಿಗಳ ಮದುವೆ ನಿಷಿದ್ಧವಾಗಿತ್ತು. ದರ್ಜೆ ಎಣಿಸುವ ರೀತಿ ಹೀಗೆ: ಇಬ್ಬರಿಗೂ ಸಮಾನವಾದ ಹಿರಿಯರಿಂದ ಕೆಳಗಿಳಿಯಿರಿ, ಎಷ್ಟು ಮೆಟ್ಟಿಲು ಎಂದು ನೋಡಿ. ಅಣ್ಣತಂಗಿ ಒಂದನೇ ದರ್ಜೆ. ಅಣ್ಣತಂಗಿಯರ ಮಕ್ಕಳು ಎರಡನೇ ದರ್ಜೆ. ಅಂದರೆ ನಮ್ಮ ಸೋದರಮಾವನ ಮಗಳು ಅವರ ಲೆಕ್ಕದಲ್ಲಿ ಎರಡನೇ ದರ್ಜೆ. ಅಕ್ಕನ ಮಗಳು "ಒಂದರ ಜೊತೆ ಎರಡು". ನಮ್ಮ ಎಷ್ಟೋ ಮನೆಗಳಲ್ಲಿ ಇದನ್ನು ಹಕ್ಕು ಅನ್ನುತ್ತಾರೆ. ಅಲ್ಲಿ ಬಿಷಪ್ಪರ ಕಚೇರಿಗೆ ಅರ್ಜಿ ಹಾಕಬೇಕಿತ್ತು. ಇಂದಿಯೋಗಳಿಗೆ ಮಾತ್ರ ಸ್ವಲ್ಪ ಸಡಿಲ. ಪೋಪ್ ಮೂರನೇ ಪಾಲ್ 1537ರಲ್ಲಿ ಅವರಿಗೆ ಮೂರನೇ ದರ್ಜೆಯಲ್ಲೇ ಮದುವೆಯಾಗಲು ಬಿಟ್ಟರು. ಹಾಗಾಗಿ ಇಂದಿಯೋ ಕುಟುಂಬಗಳಲ್ಲಿ ದಿಸ್ಪೆನ್ಸಾ ಕಡಿಮೆ ಸಿಗುತ್ತದೆ. ನೆಂಟಸ್ತಿಕೆ ಇರಲಿಲ್ಲವೆಂದು ಅದರ ಅರ್ಥವಲ್ಲ.

ಅರ್ಜಿಯಲ್ಲಿ ಏನಿರುತ್ತದೆ ನೋಡಿ. "ತೆರ್ಸೆರೋ ಕೋನ್ ಕ್ವಾರ್ತೋ", ಮೂರರ ಜೊತೆ ನಾಲ್ಕು. ವರನ ಅಜ್ಜಿಯೂ ವಧುವಿನ ಮುತ್ತಜ್ಜಿಯೂ ಅಕ್ಕತಂಗಿಯರು ಅಂತಿಟ್ಟುಕೊಳ್ಳಿ. ಆ ಅಕ್ಕತಂಗಿಯರ ಅಪ್ಪ ಅಮ್ಮನಿಂದ ವರನಿಗೆ ಮೂರು ಮೆಟ್ಟಿಲು, ವಧುವಿಗೆ ನಾಲ್ಕು. ಇದನ್ನು ಸಾಬೀತು ಮಾಡಲು ವರ ಅಷ್ಟೂ ಜನರ ಹೆಸರು ಹೇಳಬೇಕು. ಮುತ್ತಜ್ಜನ ತನಕ. ಸಾಕ್ಷಿಗಳು ಬಂದು ಹೌದು ಅನ್ನಬೇಕು. ಕೆಲವು ಕಡೆ ಪಾದ್ರಿ ಒಂದು ಪುಟ್ಟ ವಂಶವೃಕ್ಷ ಬರೆದೇ ಇಟ್ಟಿರುತ್ತಾರೆ. ದೀಕ್ಷಾಸ್ನಾನದ ಪುಸ್ತಕ ಬೆಂಕಿಗೋ ಗೆದ್ದಲಿಗೋ ಹೋಗಿದ್ದರೂ ಮೂರು ನಾಲ್ಕು ತಲೆಮಾರು ಒಂದೇ ಏಟಿಗೆ ಸಿಗುವ ಜಾಗ ಇದು.

ವಿನಾಯಿತಿಗೆ ಕೊಡುವ ಕಾರಣಗಳನ್ನು ಓದುವಾಗ ಹುಷಾರು. ಊರು ಚಿಕ್ಕದು, ಬೇರೆ ಯೋಗ್ಯ ವರ ಸಿಗುವುದಿಲ್ಲ. ಹುಡುಗಿಗೆ 24 ದಾಟಿದೆ. ಅವಳು ಅನಾಥೆ, ಬಡವಳು. ಇವೆಲ್ಲ ಚರ್ಚಿನ ಕಾನೂನು ಒಪ್ಪುವ ಸಿದ್ಧ ಕಾರಣಗಳು. ಅರ್ಜಿ ಬರೆದುಕೊಡುವವನು ಯಾವುದು ನಡೆಯುತ್ತದೋ ಅದನ್ನು ಹಾಕುತ್ತಿದ್ದ. ಮುತ್ತಜ್ಜಿ ಬಡವಳಾಗಿದ್ದಳು ಎಂದು ಇದೊಂದರಿಂದಲೇ ಕಥೆ ಕಟ್ಟಬೇಡಿ. ಇನ್ನು ಕೆಲವು ಅರ್ಜಿಗಳಲ್ಲಿ, ವರ ಹಿಂದೆ ವಧುವಿನ ಅಕ್ಕನ ಜೊತೆ ಸಂಬಂಧ ಇಟ್ಟುಕೊಂಡಿದ್ದ ಎಂಬುದನ್ನೂ ಸ್ಪಷ್ಟವಾಗಿ ಬರೆದಿರುತ್ತದೆ, ಏಕೆಂದರೆ ಅದೂ ಮದುವೆಗೆ ಅಡ್ಡಿಯೇ. ಅದನ್ನು ಮನೆಯವರಿಗೆ ಹೇಗೆ ಹೇಳುವುದು ಎಂಬುದು ನಿಮ್ಮ ತಲೆನೋವು.

ಮದುವೆಯ ಉಳಿದ ಪದಗಳನ್ನು ಬೇಗ ನೋಡೋಣ. ಅಮೊನೆಸ್ತಾಸಿಯೋನೆಸ್ ಅಂದರೆ ಮೂರು ಹಬ್ಬದ ದಿನ ಪೂಜೆಯ ನಡುವೆ ಸಾರುವ ಪ್ರಕಟಣೆ. ಆ ಮೂರು ತಾರೀಕುಗಳು ಮದುವೆಯ ತಾರೀಕಲ್ಲ. ವೆಲಾಸಿಯೋನ್ ಅಂದರೆ ಮದುವೆಯ ನಂತರದ ವಿಶೇಷ ಆಶೀರ್ವಾದ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲೂ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲೂ ಅದನ್ನು ಕೊಡುತ್ತಿರಲಿಲ್ಲ. ಮದುವೆ ಒಂದು ದಿನ, ವೆಲಾಸಿಯೋನ್ ತಿಂಗಳುಗಳ ನಂತರ. ಎರಡು ದಾಖಲೆ ಕಂಡು ಎರಡು ಮದುವೆ ಎಂದುಕೊಳ್ಳಬೇಡಿ. ದೊನ್ಸೆಯಾ ಅಂದರೆ ಕನ್ಯೆ. ಬರೀ ಸೊಲ್ತೆರಾ ಎಂದಿದ್ದರೆ ಮದುವೆಯಾಗದವಳು, ಆದರೆ ದೊನ್ಸೆಯಾ ಎಂದು ಬರೆಯಲು ಪಾದ್ರಿಗೆ ಮನಸ್ಸು ಬಂದಿಲ್ಲ ಎಂದೂ ಆಗಬಹುದು. ವಯಸ್ಸಿನ ಜೊತೆ "ಪೋಕೋ ಮಾಸ್ ಓ ಮೇನೋಸ್" ಎಂದಿರುತ್ತದೆ. ಹೆಚ್ಚುಕಡಿಮೆ ಅಂತ. ಅದನ್ನು ಅಕ್ಷರಶಃ ನಂಬಿ, ಐದು ವರ್ಷ ಆಚೆ ಈಚೆ ಹುಡುಕಿ.

ಎಂತೆನಾದೋ ಎಂಬ ಪದ ಮೆಕ್ಸಿಕೋದಲ್ಲಿ ಜಾಸ್ತಿ ಸಿಗುತ್ತದೆ. ಗಂಡನ ಅಥವಾ ಹೆಂಡತಿಯ ಮೊದಲ ಮದುವೆಯ ಮಗು. ಇಹೋ ಪೊಲಿತಿಕೋ ಅಂದರೆ ರಾಜಕೀಯದ ಮಗ ಅಲ್ಲ, ಅಳಿಯ.

ಸಾವಿನ ಪುಸ್ತಕದಲ್ಲಿ ಪಾದ್ರಿಯ ಪ್ರಶ್ನೆ ಬೇರೆ: ಕೊನೆಯ ಸಂಸ್ಕಾರ ಆಯಿತೇ, ಉಯಿಲು ಇದೆಯೇ, ಖರ್ಚು ಯಾರು ಕೊಟ್ಟರು. ಫಾಬ್ರಿಕಾಕ್ಕೆ ಇಷ್ಟು ಪೆಸೋ ಎಂಬ ಸಾಲು ಬರುತ್ತದೆ. ಕಾರ್ಖಾನೆ ಅಲ್ಲ, ಚರ್ಚ್ ಕಟ್ಟಡದ ನಿಧಿ. ಕ್ರೂಸ್ ಆಲ್ತಾ, ಎತ್ತರದ ಶಿಲುಬೆ, ಅಂದರೆ ದುಬಾರಿ ಶವಸಂಸ್ಕಾರ. ಕ್ರೂಸ್ ಬಾಹಾ ಅಗ್ಗದ್ದು. ದೆ ಲಿಮೋಸ್ನಾ ಎಂದರೆ ದುಡ್ಡಿಲ್ಲ, ಧರ್ಮಕ್ಕೆ ಮಾಡಿದ್ದು. ಉಯಿಲಿನ ಜಾಗದಲ್ಲಿ ಪದೇ ಪದೇ ಬರುವ ಒಂದು ವಾಕ್ಯ: "ಉಯಿಲು ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ." ಮಕ್ಕಳಿಗೆ ಪಾರ್ವುಲೋ ಎನ್ನುತ್ತಾರೆ, ಸುಮಾರು ಏಳು ವರ್ಷದೊಳಗಿನವರು. ಅವರಿಗೆ ಪಾಪನಿವೇದನೆ ಬೇಕಿಲ್ಲ, ಅದಕ್ಕೇ ಆ ವಿಂಗಡಣೆ.

ಕಾಯಿಲೆಗಳ ಹೆಸರು ಪಾದ್ರಿಯ ಬಾಯಲ್ಲಿ ಬಂದದ್ದು, ವೈದ್ಯರದ್ದಲ್ಲ. ವಿರುಯೇಲಾಸ್ ಸಿಡುಬು. ತಬರ್ದೀಯೋ ಟೈಫಸ್ ಥರದ ಜ್ವರ. ದೊಲೋರ್ ದೆ ಕೊಸ್ತಾದೋ, ಪಕ್ಕೆನೋವು, ಬಹುಶಃ ನ್ಯುಮೋನಿಯಾ. ಅಲ್ಫೆರೆಸಿಯಾ ಮಕ್ಕಳಿಗೆ ಬರುವ ಸೆಳವು. ಪುಟ ತಿರುಗಿಸುತ್ತ ಹೋದಾಗ ದಿನಕ್ಕೆ ಒಂದು ಸಾವು ಇದ್ದದ್ದು ಇದ್ದಕ್ಕಿದ್ದಂತೆ ಹತ್ತಾದರೆ ವರ್ಷ ನೋಡಿ. 1736ರಿಂದ 39ರವರೆಗೆ ಮತ್ಲಸಾವತ್ಲ್ ಎಂಬ ಮಹಾಮಾರಿ. 1779ರಲ್ಲಿ ಸಿಡುಬು. 1797ರಲ್ಲಿ ಮತ್ತೆ ಸಿಡುಬು. 1833ರಲ್ಲಿ ಕಾಲರಾ. ಕಾಲರಾ ವರ್ಷದಲ್ಲಿ ಕೆಲವು ಪಾದ್ರಿಗಳಿಗೆ ಪೂರ್ತಿ ವಾಕ್ಯ ಬರೆಯುವುದಕ್ಕೂ ಪುರುಸೊತ್ತಿಲ್ಲ. ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಮುಗಿಯಿತು.

ತಾರೀಕು ಮತ್ತು ಕೈಬರಹದ ಬಗ್ಗೆ ಎರಡು ಮಾತು. "7-ಬ್ರೆ" ಎಂದಿದ್ದರೆ ಏಳನೇ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್. 8-ಬ್ರೆ ಅಕ್ಟೋಬರ್, 9-ಬ್ರೆ ನವೆಂಬರ್. ಎಕ್ಸ್ ಅಕ್ಷರದ ಮುಂದೆ ಬ್ರೆ ಇದ್ದರೆ ಡಿಸೆಂಬರ್. ಹಳೇ ರೋಮನ್ ಲೆಕ್ಕದಲ್ಲಿ ಸೆಪ್ಟೆಂಬರ್ ಏಳನೆಯದು. "ಪ್ರೋಕ್ಸಿಮೋ ಪಸಾದೋ" ಎಂದರೆ ಬರುವ ತಿಂಗಳಲ್ಲ, ಈಗಷ್ಟೇ ಕಳೆದ ತಿಂಗಳು. ಬಿ ಮತ್ತು ವಿ ಅಕ್ಷರಗಳು ಸ್ಪ್ಯಾನಿಷ್ ಕಿವಿಗೆ ಒಂದೇ, ಹಾಗಾಗಿ ಬಾಕಾ ಎಂಬ ಮನೆತನ ಎರಡು ರೀತಿಯಲ್ಲೂ ಸಿಗುತ್ತದೆ. ಹಿಮೇನೆಸ್‌ಗೆ ಮೂರು ಬಗೆಯ ಮೊದಲಕ್ಷರ. ಹೆರ್ನಾಂದೆಸ್‌ನ ಮೊದಲ ಅಕ್ಷರ ಉಚ್ಚಾರವಿಲ್ಲದ್ದು, ಆದ್ದರಿಂದ ಕೆಲವರು ಅದನ್ನು ಬರೆಯುವುದೇ ಇಲ್ಲ. ಹುಡುಕುವಾಗ ಕಿವಿಯಿಂದ ಹುಡುಕಿ, ಕಣ್ಣಿನಿಂದಲ್ಲ.

ಮನೆತನದ ಹೆಸರು ನಂಬಿ ಕೆಡುವವರೂ ಬಹಳ. ಹೆಂಡತಿ ಗಂಡನ ಹೆಸರು ಹಚ್ಚಿಕೊಳ್ಳುತ್ತಿರಲಿಲ್ಲ, ಇದು ನಮಗೆ ಅನುಕೂಲ. ಆದರೆ ಒಂದೇ ಮನೆಯ ಮಕ್ಕಳು ಒಬ್ಬ ಅಪ್ಪನದು, ಒಬ್ಬಳು ಅಜ್ಜಿಯದು ಹೀಗೆ ಬೇರೆ ಬೇರೆ ಹೆಸರು ಇಟ್ಟುಕೊಳ್ಳುತ್ತಿದ್ದರು. ಇಂದಿಯೋಗಳಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ: ಹುವಾನ್ ದಿಯೇಗೋ, ಮಾರಿಯಾ ಗ್ವಾದಲೂಪೆ. ಇನ್ನು ಫಿಲಿಪೀನ್ಸಿನಲ್ಲಿ 1849ರಲ್ಲಿ ಗವರ್ನರ್ ಕ್ಲಾವೇರಿಯಾ ಹೆಸರುಗಳ ಒಂದು ಕ್ಯಾಟಲಾಗ್ ಕಳಿಸಿ, ಇದರಿಂದ ಆರಿಸಿಕೊಳ್ಳಿ ಎಂದು ಆದೇಶ ಕೊಟ್ಟ. ಅಲ್ಲಿ ಸ್ಪ್ಯಾನಿಷ್ ಮನೆತನದ ಹೆಸರಿಂದ ಸ್ಪೇನಿನ ರಕ್ತ ಊಹಿಸುವುದು ವ್ಯರ್ಥ. ನಮ್ಮ ಮಂಗಳೂರು, ಗೋವಾ ಕಡೆಯ ಹೆಸರುಗಳಿಗೂ ಇದೇ ಮಾತು. ಜೊತೆಗೆ ಅವು ಸ್ಪ್ಯಾನಿಷ್ ಅಲ್ಲ, ಪೋರ್ಚುಗೀಸ್.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಅಳಿಯನ ಮನೆಯವರು ಮೆಕ್ಸಿಕೋ ಮೂಲದವರು, ಅವರಿಗಾಗಿ ಹುಡುಕಬೇಕು, ಎಲ್ಲಿಂದ ಶುರು ಮಾಡಲಿ? ಸರ್ಕಾರಿ ದಾಖಲೆಯಿಂದ. ಬೆನಿತೋ ಹುವಾರೆಸ್ ಸರ್ಕಾರ 1859ರಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿಗೆ ಕಾನೂನು ತಂದಿತು. ಊರೂರಿಗೆ ಅದು ತಲುಪಲು ಹಲವು ವರ್ಷ ಬೇಕಾಯಿತು. ಆ ದಾಖಲೆಗಳು ಉದ್ದ, ಅಕ್ಷರಗಳು ಬಿಡಿಬಿಡಿಯಾಗಿರುತ್ತವೆ, ಅಜ್ಜ ಅಜ್ಜಿಯರ ಹೆಸರು ಇರುತ್ತದೆ. "ಮಗುವನ್ನು ಜೀವಂತ ಹಾಜರುಪಡಿಸಿದರು" ಎಂಬ ವಾಕ್ಯ ನೋಡಿ ಗಾಬರಿಯಾಗಬೇಡಿ, ಬಹುಪಾಲು ಜನನ ದಾಖಲೆಗಳಲ್ಲಿ ಅದೇ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುತ್ತ ಚರ್ಚ್ ಪುಸ್ತಕಕ್ಕೆ ಇಳಿಯಿರಿ. ಫ್ಯಾಮಿಲಿಸರ್ಚ್ ತಾಣದಲ್ಲಿ ಬಹುಪಾಲು ಪುಟಗಳು ಉಚಿತವಾಗಿ ಸಿಗುತ್ತವೆ. ಅದರ ಹಿಂದಿನ ಸಂಸ್ಥೆ 1950ರ ದಶಕದಿಂದ ಮೆಕ್ಸಿಕೋದ ಪುಸ್ತಕಗಳ ಮೈಕ್ರೋಫಿಲ್ಮ್ ಮಾಡಿದೆ.

ಇನ್ನೊಬ್ಬರು ಕೇಳಿದರು: ಈಗ ಕಂಪ್ಯೂಟರೇ ಕೈಬರಹ ಓದುತ್ತದಲ್ಲ, ನಾವು ಯಾಕೆ ಕಲಿಯಬೇಕು? ಓದುತ್ತದೆ, ನಿಜ. ಫ್ಯಾಮಿಲಿಸರ್ಚ್ 2024ರಲ್ಲಿ ಮೆಕ್ಸಿಕೋದ ನೋಟರಿ ಕಾಗದಗಳಲ್ಲಿ ಪದ ಹಾಕಿ ಹುಡುಕುವ ಸೌಲಭ್ಯ ಪ್ರಯೋಗಕ್ಕೆ ಬಿಟ್ಟಿತು. ನಾನೂ ಬಳಸುತ್ತೇನೆ, ದಿನಗಟ್ಟಲೆ ಕೆಲಸ ಉಳಿಯುತ್ತದೆ. ಆದರೆ ಏನು ಹುಡುಕಬೇಕು ಎಂದು ನೀವೇ ಹೇಳಬೇಕಲ್ಲ? ಎಂತೆನಾದೋ ಎಂಬ ಪದವೊಂದಿದೆ ಎಂದು ಗೊತ್ತಿಲ್ಲದವರು ಅದನ್ನು ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡುವುದಿಲ್ಲ. ಅಂಚಿನ ಟಿಪ್ಪಣಿಗಳನ್ನು, ಹೆಸರಿನ ಮೇಲೆ ಪುಟ್ಟದಾಗಿ ಏರಿಸಿ ಬರೆದ ಸಂಕ್ಷೇಪಗಳನ್ನು ಯಂತ್ರ ಈಗಲೂ ಆಗಾಗ ತಪ್ಪು ಓದುತ್ತದೆ. ಹಾಗಾಗಿ ಸಿಕ್ಕ ಫಲಿತಾಂಶದ ಮೇಲೆ ಕ್ಲಿಕ್ ಮಾಡಿ, ಪುಟದ ಚಿತ್ರವನ್ನೇ ತೆರೆಯಿರಿ. ಆ ಪುಟದ ಹಿಂದಿನದು, ಮುಂದಿನದು ಎರಡನ್ನೂ ಓದಿ. ಅದೇ ಪಾದ್ರಿ ಅದೇ ವಾರ ಬೇರೆಯವರಿಗೆ ಏನು ಬರೆದಿದ್ದಾರೆ ಎಂದು ನೋಡಿದರೆ, ನಿಮ್ಮ ಸಾಲಿನಲ್ಲಿ ಓದಲಾಗದ ಪದ ಯಾವುದೆಂದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ.